ಕಿವಿರಾಯನ ಬೆನ್ನ ಹಿಂದೆ

ಮೂಗಿನ ಬಲಹೊಳ್ಳೆಯಲ್ಲಿ ಇರುವೆ ಹರಿದಾಡಿದಂತಾಗುತ್ತಿತ್ತು. ಇರುವೆಯಲ್ಲವೆಂದು ಗೊತ್ತಿದ್ದೂ, ಇರುವೆಯೇ ಆಗಿರಲಿ ದೇವರೇ ಎಂದುಕೊಳ್ಳುತ್ತ ಅವಳು ಸಾಲಿನಲ್ಲಿ ನಿಂತಿದ್ದಳು. ಕಾಡಿಗೆ ಹೋಗುವವರೆಲ್ಲ ಬೆಳಿಗ್ಗೆ ಕ್ಯಾಂಪಿನ ಅಡುಗೆಮನೆಯ ಕಟ್ಟೆಯ ಮುಂದೆ ಹೀಗೆ ನಿಲ್ಲಬೇಕು. ಅಡುಗೆಯಕ್ಕ ಎಡಗೈಯಲ್ಲಿ ಸೌಟು, ಬಲಗೈಯಲ್ಲಿ ಪಿಸ್ತೂಲಿನಂಥ ಥರ್ಮಾಮೀಟರು ಹಿಡಿದು ಒಬ್ಬೊಬ್ಬರ ಹಣೆಗೂ ಗುರಿಯಿಡುತ್ತಾಳೆ. ಅದು ಕೀಂ ಎಂದಮೇಲೆ ಪ್ರಶ್ನೆ. ತಲೆಯಾಡಿಸಿದರೆ ನಡೆಯುವುದಿಲ್ಲ, ಬಾಯಿಬಿಟ್ಟು ಹೇಳಬೇಕು.

"ಕೆಮ್ಮು? ನೆಗಡಿ? ಗಂಟಲು ನೋವು?"

"ಇಲ್ಲ, ಇಲ್ಲ, ಇಲ್ಲ," ಎಂದ ಡ್ರೈವರ್.

"ಹೆಂಡತಿ ಕಾಟ?"

"ಅದಕ್ಕೂ ರಜಾ ಇದೆಯೇನಕ್ಕ? ಮೊದಲೇ ಹೇಳೋದಲ್ವಾ! ವರ್ಷಪೂರ್ತಿ ದೂರದ ಮನೇಲೇ ಬಿದ್ದಿರ್ತಿದ್ದೆ."

ಸಾಲೆಲ್ಲ ನಕ್ಕಿತು. ಅವಳೂ ನಕ್ಕಳು, ಒಂದು ಗಳಿಗೆ ತಡವಾಗಿ. ಅವರು ತಮ್ಮ ಭಾಷೆಯಲ್ಲಿ ಆಡಿದ್ದನ್ನು ಯಾರಾದರೂ, ಅವರಿಗೂ ಪರದೇಶದಿಂದ ಬಂದ ಅವಳಿಗೂ ಬರುವ ಆ ನಡುವಿನ ಭಾಷೆಗೆ ತಂದು ಹೇಳುವಷ್ಟರಲ್ಲಿ ನಗು ತಣ್ಣಗಾಗಿರುತ್ತಿತ್ತು. ಅವಳ ಸರದಿ ಬಂದಾಗ ಅಡುಗೆಯಕ್ಕನ ಮುಖ ಕಚೇರಿಯ ಕಿಟಕಿಯಂತಾಯಿತು. "ಹೊಸಬರೇ, ಕೆಮ್ಮು? ನೆಗಡಿ? ಗಂಟಲು ನೋವು?" ಬಂದು ವರ್ಷವಾಗುತ್ತ ಬಂದಿದ್ದರೂ ಅವಳು ಹೊಸಬರೇ. ಅವಳ ನಂತರ ಬಂದ ಡ್ರೈವರ್ ಅದೆಷ್ಟು ಬೇಗ ಹಳಬನಾಗಿದ್ದ! ಇಲ್ಲ ಎಂದಳು. ಇಲ್ಲ. ಇಲ್ಲ. ನಾಲ್ಕನೆಯ ಪ್ರಶ್ನೆಗಾಗಿ ಒಂದು ಕ್ಷಣ ಅಲ್ಲೇ ನಿಂತಳು ಕೂಡ, ಹೆಂಡತಿಯೋ ಗಂಡನೋ ಏನಾದರೊಂದು ಕಾಟವನ್ನು ಇವರು ತನ್ನನ್ನೂ ಕೇಳಿಯಾರೆಂದು. ಅಡುಗೆಯಕ್ಕ ಆಗಲೇ ಮುಂದಿನವನ ಹಣೆಗೆ ಗುರಿಯಿಟ್ಟಿದ್ದಳು.

ಮೂರು ಇಲ್ಲಗಳಲ್ಲಿ ನಡುವಿನದು ಸುಳ್ಳು. ಅದು ಎಂಥ ಸುಳ್ಳೆಂದು ಅವಳಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಬಂದ ದಿನವೇ ಕ್ಯಾಂಪು ನೋಡಿಕೊಳ್ಳುವ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ದಳು. ಕಾಡಿನ ವಾನರಗಳಿಗೆ ನಮ್ಮ ರಕ್ತದ ಹತ್ತಿರದ ಸಂಬಂಧ. ನಮ್ಮ ಜಡ್ಡು ಅವಕ್ಕೆ ಬೇಗ ತಗಲುತ್ತದೆ. ನಮಗೆ ಎರಡು ಕರವಸ್ತ್ರದಲ್ಲಿ ಮುಗಿದುಹೋಗುವ ನೆಗಡಿ ಅಲ್ಲಿ ಒಂದು ಮರಿಯ ಜೀವ ತೆಗೆಯುತ್ತದೆ. ಅದಕ್ಕೇ ಮಾಸ್ಕು, ಅದಕ್ಕೇ ಆರು ಮಾರು ದೂರ, ಅದಕ್ಕೇ ಮೂಗು ಸೊರ್ ಎಂದವರು ಬಯಲಿನ ಆ ತುದಿಯ ದೂರದ ಮನೆಗೆ ಹೋಗಿ, ವಾಸಿಯಾಗಿ ಮತ್ತೊಂದು ವಾರ ಕಳೆಯುವವರೆಗೂ ಒಬ್ಬರೇ ಇರಬೇಕಾದದ್ದು. "ಹೇಳಿದವರಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟವರಿಗೆ ಕ್ಷಮೆ ಇಲ್ಲ. ಮುಚ್ಚಿಟ್ಟವರೂ ಕೆಲಸ ಬಿಟ್ಟು ಮನೆಗೆ, ನೋಡಿಯೂ ಬಾಯಿ ಮುಚ್ಚಿಕೊಂಡವರೂ ಮನೆಗೆ," ಎಂದಿದ್ದಳು ಡಾಕ್ಟರಮ್ಮ. ಹೊರದೇಶದಿಂದ ಬಂದವರು ಮೊದಲು ಆ ದೂರದ ಮನೆಯಲ್ಲೇ ಕೆಲವು ದಿನ ಕಳೆಯಬೇಕು; ಅವಳೂ ಕಳೆದಿದ್ದಳು. ಒಂದು ಕೋಣೆ, ಒಂದು ಮಂಚ, ಹೊರಗೆ ಕಡಿದ ಮರದ ಒಂದು ಬುಡ. ಯಾರೋ ಬಂದು ಆ ಬುಡದ ಮೇಲೆ ತಟ್ಟೆಯಿಟ್ಟು, ನಾಯಿಗೆ ಹಾಕಿದವರಂತೆ ಹಿಂದೆ ಸರಿದು ಹೋಗುತ್ತಿದ್ದರು. ಕೊನೆಕೊನೆಗೆ ಅವಳು ಸೋಪಿನ ಕಾಗದದ ಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು, ಮನುಷ್ಯರ ಸ್ವರ ಹೇಗಿರುತ್ತದೆ ಅಂತ ಮರೆತುಹೋಗದಿರಲೆಂದು. ಕಣ್ಣಿಗೆ ತಾಗಿದರೆ ತಣ್ಣೀರಿನಿಂದ ತೊಳೆಯಿರಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಮತ್ತೆ ಅಲ್ಲಿಗೆ? ಮೂಗು ಕೊಯ್ದು ಕೈಗಿಟ್ಟರೂ ಹೋಗಲಾರೆ ಎಂದು ನಿನ್ನೆ ರಾತ್ರಿಯೇ ಅವಳ ಮನಸ್ಸು ಕಡ್ಡಿ ಮುರಿದಂತೆ ಹೇಳಿಬಿಟ್ಟಿತ್ತು.

ಕಾಡಿನ ದಾರಿಯಲ್ಲಿ ಕಿವಿರಾಯ ಮುಂದೆ, ಅವಳು ಹಿಂದೆ. ದಾರಿ ತೋರುವ ಈ ಐವತ್ತು ದಾಟಿದ ಮನುಷ್ಯನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಮರೆತಿರಬೇಕು. ಎಲೆ ಬಿದ್ದರೆ ಯಾವ ಮರದ್ದೆಂದು ಹೇಳುತ್ತಾನೆ, ಗುಡ್ಡದಾಚೆ ಕೊಂಬೆ ಮುರಿದರೆ ಮುರಿದದ್ದು ಗಾಳಿಯೋ ವಾನರವೋ ಎಂದು ಹೇಳುತ್ತಾನೆ ಎಂದು ಕ್ಯಾಂಪಿಗೆ ಕ್ಯಾಂಪೇ ಕೊಂಡಾಡುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅವನೇ. ಊಟಕ್ಕೆ ಕೂತರೆ ಅವನ ಕಿವಿಯ ಕತೆಗಳಿಗೆ ಕೊನೆಯಿಲ್ಲ. ಆದರೆ ಕಾಡಿಗೆ ಬಂದ ಕೂಡಲೇ ಬಾಯಿಗೆ ಬೀಗ. ಮೊದಮೊದಲು ಅವಳು ಹಿಂದಿನಿಂದ ಏನಾದರೂ ಕೇಳುತ್ತಿದ್ದಳು. ಇದು ಯಾವ ಹಣ್ಣು? ನಿಮ್ಮ ಮನೆ ಇಲ್ಲಿಂದ ಎಷ್ಟು ದೂರ? ಅವನು ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ, ಅವನು ಕುಂಟುತ್ತಿದ್ದುದನ್ನು ಕಂಡು, "ಕಾಲು ನೋಯ್ತಿದೆಯಾ?" ಎಂದು ಎರಡು ಸಲ ಕೇಳಿದ್ದಳು, ಎರಡನೆಯ ಸಲ ನಾಲಿಗೆಗೆ ಬೆಣ್ಣೆ ಸವರಿಕೊಂಡವಳಂತೆ. ಅವನು ಮಾತಾಡದೆ ಬಳ್ಳಿ ಕಡಿಯುತ್ತ ಮುಂದೆ ಹೋಗಿದ್ದ. ಆ ಬೆನ್ನು! ಆ ಬೆನ್ನಿನ ಮೇಲಿನ ಬೆವರಿನ ಗುರುತು ಯಾವ ದೇಶದ ನಕ್ಷೆಯಂತೆ ಹರಡುತ್ತದೆ, ಎಲ್ಲಿಂದ ಶುರುವಾಗಿ ಎಲ್ಲಿ ಕೂಡುತ್ತದೆ ಎಂಬುದು ಅವಳಿಗೆ ಈಗ ಬಾಯಿಪಾಠ. ಎಮ್ಮೆಯ ಮೇಲೆ ಮಳೆ ಸುರಿದಂತೆ ಸುರಿದು ಸುರಿದು ಅವಳ ಪ್ರಶ್ನೆಗಳು ನಿಂತುಹೋಗಿದ್ದವು. ಪರದೇಶದವಳೊಂದಿಗೆ ಏನು ಮಾತು ಎನ್ನುವ ತಾತ್ಸಾರ, ಮತ್ತೇನು. ಊರಿನಲ್ಲಿರುವ ತನ್ನ ಅಕ್ಕನಾಗಿದ್ದರೆ ಎರಡೇ ಮಾತಿನಲ್ಲಿ ಅವನ ಬೆವರಿಳಿಸುತ್ತಿದ್ದಳು. ನಿನ್ನೆ ಸಂಜೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಫೋನು ಮಾಡಿದಾಗ ಅಕ್ಕ ಹಲೋ ಎನ್ನುವ ಮೊದಲೇ, "ಮೂಗು ಕಟ್ಟಿದೆಯಲ್ಲೇ ನಿಂಗೆ!" ಅಂದಿದ್ದಳು. ಇವಳು ಆಡಿದ್ದು 'ಅಕ್ಕಾ' ಎಂಬ ಒಂದೇ ಮಾತು.

"ಇಲ್ಲಪ್ಪ. ಲೈನು ಸರಿಯಿಲ್ಲ."

"ಲೈನಿಗೆ ನೆಗಡಿ ಬರುತ್ತೇನೇ? ನನ್ನ ಹತ್ರ ಆಡಬೇಡ ಈ ಆಟ. ಬಿಸಿನೀರಿನ ಆವಿ ತಗೋ. ತಲೆಗೆ ಏನಾದರೂ ಸುತ್ತಿಕೋ. ಆ ಕೋತಿಗಳು ನಿನ್ನ ಆರೈಕೆ ಮಾಡ್ತಾವಾ? ಇರು, ಕುಕ್ಕರ್ ಕೂಗ್ತಿದೆ, ಹೋಗ್ಬೇಡ, ಬಂದೆ..."

ಕುಕ್ಕರು ಕೂಗುವುದನ್ನು, ಅಕ್ಕನ ಮಗ ಟವೆಲು ಎಲ್ಲಿ ಎಂದು ಕಿರುಚುವುದನ್ನು, ಬಾಗಿಲು ಬಡಿದದ್ದನ್ನು, ಸಮುದ್ರದಾಚೆಯ ಒಂದು ಅಡುಗೆಮನೆಯನ್ನು ಅವಳು ದಿಬ್ಬದ ಮೇಲೆ ನಿಂತು ಕೇಳಿಸಿಕೊಳ್ಳುತ್ತಲೇ ಇದ್ದಳು. ಅಕ್ಕ ವಾಪಸು ಬರಲಿಲ್ಲ, ಮರೆತಿರಬೇಕು. ಆ ಮನೆಯಲ್ಲಿದ್ದಾಗಲೂ ಹಾಗೇ. ಮಕ್ಕಳ ಪರೀಕ್ಷೆ ಬಂದಾಗ, ಬಲ್ಬು ಹೋದಾಗ ನೆನಪಾಗುವ ಚಿಕ್ಕಮ್ಮ. ಅದಕ್ಕೇ ಇರಬೇಕು, ಇಲ್ಲಿನ ಕೆಲಸ ಅವಳಿಗೆ ಅಷ್ಟು ಬೇಗ ಕೈಹತ್ತಿದ್ದು. ವಾನರಗಳ ಎದುರು ದಿನವೂ ಹೋಗಿ ಕೂರುವುದು, ಅವು ಇವಳನ್ನು ಕಂಡು ಹೆದರದ, ಕೆರಳದ, ಕೊನೆಗೆ ಕಣ್ಣೆತ್ತಿಯೂ ನೋಡದ ಸ್ಥಿತಿಗೆ ಬರುವವರೆಗೂ ಕೂರುವುದು. "ಅವು ನಿಮ್ಮನ್ನು ಒಂದು ಕಲ್ಲು ಅಂತ ತಿಳಿದ ದಿನ ನೀವು ಪಾಸು," ಎಂದಿದ್ದಳು ಡಾಕ್ಟರಮ್ಮ. ಮೂರು ತಿಂಗಳಲ್ಲೇ ಪಾಸಾದದ್ದನ್ನು ಕಂಡು ಬೆನ್ನು ತಟ್ಟಿದ್ದಳು: "ಏನ್ರೀ ಇದು, ಹುಟ್ಟಿನಿಂದಲೇ ಬಂದಿದೆ ನಿಮಗೆ!"

ಹಿಂಡು ಅತ್ತಿ ಜಾತಿಯ ಒಂದು ಮರದ ಕೆಳಗಿತ್ತು. ಕಿವಿರಾಯ ಎಂದಿನಂತೆ ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ, ಗಾಳಿಯನ್ನು ಆಲಿಸುವವನಂತೆ ನಿಂತು, ಆಮೇಲೆ ನೆಲದ ಮೇಲಿನ ಹಸಿ ಲದ್ದಿಯ ಕಡೆ ನೋಡಿ, ಬೆರಳು ತೋರಿಸಿದ. ಅವನು ಅವಳಿಗಿಂತ ಒಂದು ಹೆಜ್ಜೆ ಮುಂದೆ ಕೂತ. ಅವಳು ಅವನ ಬೆನ್ನ ಹಿಂದೆ. ಮುದುಕಿ ಎಂದು ಎಲ್ಲರೂ ಕರೆಯುವ ಹಿರಿಯ ವಾನರ ಕಾಲು ಚಾಚಿ ಒರಗಿತ್ತು. ಹರಕುಕಿವಿ ಎಂಬ ಇನ್ನೊಂದು ಅದರ ಬೆನ್ನಿನ ಹೇನು ಹೆಕ್ಕುತ್ತಿತ್ತು. ಬೆರಳಿನ ತುದಿ ಕೂದಲನ್ನು ಬಿಡಿಸಿ, ನಿಂತು, ಮತ್ತೆ ಬಿಡಿಸಿ. ಎಷ್ಟು ಹೊತ್ತಾದರೂ ಬೇಸರವಿಲ್ಲ, ಹೇನಿಲ್ಲದಿದ್ದರೂ ಹೆಕ್ಕುತ್ತವೆ. ತನ್ನ ತಲೆಗೆ ಇನ್ನೊಬ್ಬರ ಬೆರಳು ತಾಗಿ ಎಷ್ಟು ಕಾಲವಾಯಿತೆಂದು ಯೋಚಿಸಹೋಗಿ ಅವಳು ಬೇಡವೆಂದು ಬಿಟ್ಟಳು. ಮುದುಕಿಯ ಮಗಳ ಮರಿ, ಇನ್ನೂ ನಡಿಗೆ ಕಲಿಯುತ್ತಿದ್ದ ಪುಟ್ಟ, ತಾಯಿಯ ತೋಳಿನಿಂದ ಉರುಳಿ, ಎದ್ದು, ತನ್ನ ಕಾಲನ್ನು ತಾನೇ ನೋಡಿ ಬೆರಗಾಗಿ, ಇವಳ ಕಡೆಗೆ ಬರತೊಡಗಿತು. ಮರಿ ಬಂದರೆ ಹಿಂದೆ ಸರಿಯಬೇಕು. ಅದು ನಿಯಮ. ಸರಿಯಬೇಕು ಎಂದು ಕಾಲಿಗೆ ಹೇಳಿದಳು. ಆರು ಮಾರು ಐದಾಯಿತು, ನಾಲ್ಕಾಯಿತು. ಕಂದುಬಣ್ಣದ ಎರಡು ಕಣ್ಣುಗಳು ಕಲ್ಲಿನಲ್ಲಿ ಇನ್ನೊಂದು ಜೊತೆ ಕಣ್ಣನ್ನು ಕಂಡುಹಿಡಿದು ಅಲ್ಲೇ ನಿಂತವು. ಯಾರು ನೀನು? ಈ ಪ್ರಶ್ನೆಯನ್ನು ಇಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. ಆಗ ಮೂಗಿನೊಳಗಿನ ಇರುವೆ ನೆತ್ತಿಗೆ ಹತ್ತಿತು.

ಮಾಸ್ಕಿನೊಳಗೆ, ಅದರ ಮೇಲೆ ಎರಡೂ ಅಂಗೈ ಒತ್ತಿಕೊಂಡು ಸೀನಿದರೂ ಅದು ಸೀನೇ. ತಲೆಯೊಳಗೆ ಪಟಾಕಿ ಹೊಡೆದಂತಾಯಿತು. ಮರಿ ಹಿಂದಕ್ಕೆ ಕುಕ್ಕರಿಸಿತು. ತಾಯಿ ಒಂದೇ ನೆಗೆತಕ್ಕೆ ಬಂದು ಅದನ್ನು ಎದೆಗೆ ಬಾಚಿಕೊಂಡಿತು. ಮುದುಕಿ ಕತ್ತು ತಿರುಗಿಸಿ ನೇರವಾಗಿ ಅವಳನ್ನೇ ನೋಡಿತು. ಮೇಲೆ ಕೊಂಬೆಯಿಂದ ಹಕ್ಕಿಗಳು ಎದ್ದವು. ಇಡೀ ಕಾಡಿನಲ್ಲಿ ಅಲುಗದೆ ಉಳಿದದ್ದು ಒಂದೇ: ಕಿವಿರಾಯನ ಬೆನ್ನು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿದ್ದ ಬೆನ್ನು. ಒಂದು ಕ್ಷಣದ ನಂತರ, ತಾಯಿ ಯಾಕೆ ನೆಗೆಯಿತೆಂದು ನೋಡುವವನಂತೆ ಅವನು ಮರಗಳ ಕಡೆ ಕಣ್ಣಾಡಿಸಿದ. ಅವಳ ಕಡೆ ತಿರುಗಲಿಲ್ಲ. ಅವಳ ಒದ್ದೆ ಮಾಸ್ಕಿನೊಳಗೆ ಉಸಿರು ಬಿಸಿಯಾಗಿ ತಿರುಗಿ ತಿರುಗಿ ಮುಖಕ್ಕೇ ಬಡಿಯುತ್ತಿತ್ತು. ಈಗ ತಿರುಗುತ್ತಾನೆ. ಈಗ ಎದ್ದು ನಿಂತು, ನಡೀರಿ ಕ್ಯಾಂಪಿಗೆ ಎನ್ನುತ್ತಾನೆ. ಎಲೆ ಬಿದ್ದದ್ದು ಕೇಳುವ ಕಿವಿ ಅದು. ಅವನು ಕೂತೇ ಇದ್ದ. ಕೂತೇ ಇದ್ದ ಅಂದರೆ? ಗೊತ್ತಾಗಿಯೂ ಗೊತ್ತಾಗದವನಂತೆ ಕೂತಿದ್ದಾನೆ ಎಂದರ್ಥ. ಹೊಟ್ಟೆಯಲ್ಲಿ ಹಾಕಿಕೊಂಡಿದ್ದಾನೆ. ನೋಡಿಯೂ ಬಾಯಿ ಮುಚ್ಚಿಕೊಂಡವರೂ ಮನೆಗೆ ಎಂಬ ಮಾತು ಅವನಿಗೆ ಗೊತ್ತಿಲ್ಲದ್ದಲ್ಲ, ಗೊತ್ತಿದ್ದೂ, ತನಗಾಗಿ. ಅವಳ ಕಣ್ಣು ತುಂಬಿಕೊಂಡಿತು. ನೆಗಡಿಗೂ ತುಂಬಿಕೊಂಡಿರಬಹುದು. ಆದರೆ ಆ ನಕ್ಷೆಯಂಥ ಬೆನ್ನು ಈಗ ಮೊದಲಿನ ಬೆನ್ನಾಗಿ ಕಾಣಲಿಲ್ಲ. ಮಳೆ ಬಂದಾಗ ಯಾರದೋ ಮನೆಯ ಗೋಡೆಗೆ ಒರಗಿ ನಿಲ್ಲುವಂತೆ ಅದಕ್ಕೆ ಒರಗಬಹುದು ಅನ್ನಿಸಿತು.

ವಾಪಸು ಬರುವಾಗ, ಹಿಂಡನ್ನು ಬಹಳ ಹಿಂದೆ ಬಿಟ್ಟು ಹಳ್ಳದ ಬದಿಯಲ್ಲಿ ಕೂತಾಗ, ಅವನು ತನ್ನ ಬ್ರೆಡ್ಡನ್ನು ಮುರಿದು ಅರ್ಧ ಅವಳ ಕೈಗಿಟ್ಟ. ಹಿಂದೆಂದೂ ಕೊಟ್ಟವನಲ್ಲ. "ತಿನ್ನಿ, ಬಿಳುಚಿಕೊಂಡಿದ್ದೀರಿ," ಎಂದು ನಕ್ಕ. ಅಷ್ಟೇ. ಒಪ್ಪಂದಕ್ಕೆ ರುಜು ಬಿದ್ದಂತೆ ಅವಳು ಆ ಒಣ ಬ್ರೆಡ್ಡನ್ನು ನಿಧಾನವಾಗಿ ಅಗಿದಳು. ರುಚಿ ಏನೂ ತಿಳಿಯಲಿಲ್ಲ. ಮೂಗು ಪೂರ್ತಿ ಕಟ್ಟಿತ್ತು.

ಸಂಜೆ ಊಟದ ಮನೆಯಲ್ಲಿ ಅವಳು ಎಂದಿನ ಮೂಲೆಗೆ ಹೋಗಲಿಲ್ಲ. ಉದ್ದ ಬೆಂಚಿನ ನಡುವೆ, ಕಿವಿರಾಯನ ಎದುರಿಗೇ ಕೂತಳು. ಯಾರೂ ಬೇಡವೆನ್ನಲಿಲ್ಲ. ಅಷ್ಟು ಸುಲಭವಾಗಿತ್ತೇ ಇದು? ಡ್ರೈವರ್ ಸರಿದು ಜಾಗ ಕೊಟ್ಟ. ಅಡುಗೆಯಕ್ಕ ಸೂಪು ಬಡಿಸುತ್ತ, "ಏನಿವತ್ತು ಹೊಸಬರು ಊರೊಳಕ್ಕೆ ಬಂದುಬಿಟ್ಟರು?" ಎಂದಳು, ನಡುವಿನ ಭಾಷೆಯಲ್ಲೇ, ಅವಳಿಗೆ ತಿಳಿಯಲೆಂದೇ. ನಗು ಎದ್ದಾಗ ಅವಳೂ ಎಲ್ಲರ ಜೊತೆಗೇ ನಕ್ಕಳು, ಒಂದು ಗಳಿಗೆಯೂ ತಡವಾಗದೆ. ಹಬೆಯಾಡುವ ಬಟ್ಟಲನ್ನು ಮುಖದ ಹತ್ತಿರ ಹಿಡಿದು ಆವಿ ತೆಗೆದುಕೊಂಡಳು. ಡಾಕ್ಟರಮ್ಮ ಬಂದು ಬೆಂಚಿನ ತುದಿಯಲ್ಲಿ ಕೂತಳು. ಮುಂದಿನ ವಾರ ಹೊರಗಿನಿಂದ ಇಬ್ಬರು ಬರುವವರಿದ್ದಾರೆ, ದೂರದ ಮನೆ ಗುಡಿಸಿಡಬೇಕು ಅಂದಳು. ದೂರದ ಮನೆಯ ಮಾತು ಬಂದದ್ದೇ ತಡ, ಕಿವಿರಾಯ ತನ್ನ ಕತೆಯ ಗಂಟು ಬಿಚ್ಚಿದ. ಆ ಮನೆ ಕಟ್ಟುವ ಮುಂಚಿನ ಮಾತು. ಹೊಳೆಯಾಚೆಯ ಹಿಂಡಿಗೆ ಕೆಮ್ಮು ಬಂದಿತ್ತು. ಯಾರೋ ನೋಡಲು ಬಂದವರಿಂದ.

"ಕೆಮ್ಮು ನನಗೆ ಇಲ್ಲಿಗೇ ಕೇಳಿಸ್ತಿತ್ತು ಅನ್ನಿ. ನಮ್ಮ ಮಕ್ಕಳು ಕೆಮ್ಮೋದಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಒಂದು ತಾಯಿ, ಮರಿ ಸತ್ತು ಎಷ್ಟೋ ದಿನ ಆದರೂ ಬೆನ್ನ ಮೇಲೆ ಹೊತ್ಕೊಂಡೇ ತಿರುಗ್ತಿತ್ತು. ಹೀಗೆ." ಅವನು ಎದ್ದು, ಬಗ್ಗಿ, ಒಂದು ಕೈ ಹಿಂದಕ್ಕೆ ಬೆನ್ನ ಮೇಲಿಟ್ಟು, ಜಾರುವುದನ್ನು ಮೇಲಕ್ಕೆ ಎಳೆದುಕೊಳ್ಳುತ್ತ, ಬೆಂಚುಗಳ ನಡುವೆ ನಾಲ್ಕು ಹೆಜ್ಜೆ ನಡೆದ. ಯಾರೂ ನಗಲಿಲ್ಲ. "ಇಳಿಸಿದರೆ ಎದ್ದು ಬರಲ್ಲ ಅಂತ ಗೊತ್ತು ಅದಕ್ಕೆ. ಗೊತ್ತಿದ್ದೂ ಇಳಿಸಲ್ಲ," ಎಂದು ಅವನು ಅವಳ ಮುಖವನ್ನೇ ನೋಡಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ಮೂಗಿಗೆ ಹೋಯಿತು. ಇದು ತನಗೇ ಹೇಳಿದ್ದು. ಇಷ್ಟು ಜನರ ನಡುವೆ, ಯಾರಿಗೂ ತಿಳಿಯದಂತೆ, ಬೈಯದೆ, ಬೆರಳು ತೋರಿಸದೆ ಹೇಳುತ್ತಿದ್ದಾನೆ: ನೀವೇ ಇಳಿಸಿ, ಹೊತ್ತು ತಿರುಗಬೇಡಿ ಎಂದು. ಇವತ್ತು ರಾತ್ರಿ ಹೇಳಿದರೆ ನಾಳೆ ಯಾರೂ ಆ ಹಿಂಡಿನ ಹತ್ತಿರ ಹೋಗುವುದಿಲ್ಲ. ಡಾಕ್ಟರಮ್ಮ ದೂರದಿಂದ ಕಣ್ಣಿಡುತ್ತಾಳೆ, ಔಷಧಿ ಸಿದ್ಧವಿಟ್ಟುಕೊಳ್ಳುತ್ತಾಳೆ. ಹೇಳದಿದ್ದರೆ ತಾನು ಇಲ್ಲೇ, ಈ ಬೆಂಚಿನ ನಡುವೆ, ಈ ಆವಿಯಲ್ಲಿ, ನಾಳೆಯೂ ನಾಡಿದ್ದೂ. ಮರಿಯ ಎರಡು ಕಣ್ಣು ನೆನಪಾದವು. ಅವಳು ಎದ್ದು ನಿಂತಳು. ಬೆಂಚಿನ ನಡುವಿನಿಂದ ಏಳಬೇಕಾದ್ದರಿಂದ ಡ್ರೈವರನ ಮೊಣಕಾಲಿಗೆ ತಾಗಿ ಅವನ ಸೂಪು ಚೆಲ್ಲಿತು.

"ನನಗೆ ನೆಗಡಿ," ಎಂದಳು. "ನಿನ್ನೆಯಿಂದ. ಬೆಳಿಗ್ಗೆ ಸುಳ್ಳು ಹೇಳಿದೆ. ಕಾಡಲ್ಲಿ ಸೀನಿದೆ, ಪುಟ್ಟ ಹತ್ತಿರ ಬಂದಿತ್ತು."

ಯಾರೋ ನಗಲು ಬಾಯಿ ತೆರೆದು ನಿಲ್ಲಿಸಿದರು. ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳಿಗೆ ಬಿಡಲಾಗಲಿಲ್ಲ.

"ಇವರಿಗೆ ಗೊತ್ತು. ಇವರ ಬೆನ್ನ ಹಿಂದೆಯೇ ಇದ್ದೆ. ನನ್ನ ಮೇಲಿನ ಕರುಣೆಯಿಂದ ಸುಮ್ಮನಿದ್ದರು. ಇವರದ್ದೇನೂ ತಪ್ಪಿಲ್ಲ, ಎಲ್ಲ ನನ್ನದೇ."

ಬೆಂಚುಗಳು ಕಿರ್ರೆಂದು ಹಿಂದೆ ಸರಿದವು. ಕತ್ತಿನಲ್ಲಿ ಜೋತುಬಿದ್ದಿದ್ದ ಮಾಸ್ಕುಗಳು ಒಂದೊಂದಾಗಿ ಮೇಲೇರಿದವು. ಕ್ಷಣದಲ್ಲಿ ಆ ಕೋಣೆಯಲ್ಲಿ ಬಾಯಿಗಳೇ ಇಲ್ಲವಾದವು. ಕಿವಿರಾಯ ಮಾತ್ರ ಬೆನ್ನ ಮೇಲಿನ ಕೈಯನ್ನು ಇನ್ನೂ ಪೂರ್ತಿ ಇಳಿಸದೆ, ಚೆಲ್ಲಿದ ಸೂಪನ್ನು ನೋಡುತ್ತ ನಿಂತಿದ್ದ. ಅವಳು ಮಾತಾಡುವಾಗ ಅವನು ಆ ಸೂಪನ್ನು ಒರೆಸಲು ಬಟ್ಟೆಗಾಗಿ ಕಣ್ಣಾಡಿಸುತ್ತಿದ್ದ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

"ಹೌದೇನ್ರೀ?" ಎಂದಳು ಡಾಕ್ಟರಮ್ಮ ಮಾಸ್ಕಿನೊಳಗಿಂದ. "ಸೀನಿದ್ದು ನಿಮಗೆ ಕೇಳಿಸಿತ್ತಾ?"

ಅವನು ಡಾಕ್ಟರಮ್ಮನ ಕಡೆ ನೋಡಿ ನಕ್ಕು ತಲೆಯಾಡಿಸಿದ.

"ಕೇಳಿಸಿಯೂ ನನಗೆ ಹೇಳಲಿಲ್ಲ?"

ಅವನು ಇನ್ನೂ ಅಗಲವಾಗಿ ನಕ್ಕು, ಹೌದೌದು ಎಂಬಂತೆ ತಲೆಯಾಡಿಸಿದ. ಕಣ್ಣುಗಳು ಮಾತ್ರ ಒಂದು ಮಾಸ್ಕಿನಿಂದ ಇನ್ನೊಂದು ಮಾಸ್ಕಿಗೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿದ್ದವು, ಬಾಗಿಲು ಹುಡುಕುವವನ ಹಾಗೆ. ಡಾಕ್ಟರಮ್ಮ ಸುಮ್ಮನೆ ಎದ್ದಳು. ನಿಧಾನವಾಗಿ ಅವನನ್ನು ಬಳಸಿಕೊಂಡು ಹೋಗಿ ಅವನ ಹಿಂದೆ ನಿಂತಳು. ಮಾತಾಡುವ ಸ್ವರದಲ್ಲೇ ಅವನ ಹೆಸರು ಹಿಡಿದು ಕರೆದಳು, ಹಾಜರಿಯಲ್ಲಿರುವ ನಿಜವಾದ ಹೆಸರು. ಅವನು ತಿರುಗಲಿಲ್ಲ. ಇನ್ನೊಮ್ಮೆ, ಇನ್ನೂ ಸ್ವಲ್ಪ ಜೋರಾಗಿ. ಅವನು ಎದುರಿನ ಖಾಲಿ ಬೆಂಚಿನ ಕಡೆ ನಗುತ್ತ ನಿಂತೇ ಇದ್ದ. ಅಡುಗೆಯಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಅದು ಠಣ್ಣೆಂದಾಗ ಬೆಚ್ಚಿಬಿದ್ದದ್ದು ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ.

ಅವಳ ಒಳಗೆ ಒಂದು ವರ್ಷದ ಕಾಡುದಾರಿ ಸರಸರನೆ ಹಿಂದಕ್ಕೆ ಸುತ್ತಿಕೊಂಡಿತು. ಇದು ಯಾವ ಹಣ್ಣು? ಕಾಲು ನೋಯ್ತಿದೆಯಾ? ಊಟದ ಮನೆಯಲ್ಲಿ ಬಾಯಿಗೆ ಬಿಡುವಿಲ್ಲದೆ ಮಾತಾಡುವವನಿಗೆ ಕೇಳುವ ಪ್ರಸಂಗವೇ ಬರುವುದಿಲ್ಲ. ಬಂದರೂ ಎದುರಿನವರ ತುಟಿಯಿದೆ. ಕಾಡಿನಲ್ಲಿ ಎಲ್ಲರಿಗೂ ಮಾಸ್ಕು. ಹಾಗಾದರೆ ತಾತ್ಸಾರ ಇರಲಿಲ್ಲ. ಒಂದು ಕ್ಷಣ, ನಾಚಿಕೆಗೆಟ್ಟ ಒಂದು ಕ್ಷಣ, ಅವಳಿಗೆ ಸಂತೋಷವಾಯಿತು. ಆಮೇಲೆ ಉಳಿದ ಅರ್ಧ ಬಂದು ಎದೆಗೆ ಗುದ್ದಿತು: ಹಾಗಾದರೆ ಕರುಣೆಯೂ ಇರಲಿಲ್ಲ. ಬ್ರೆಡ್ಡು ಬರೀ ಬ್ರೆಡ್ಡು. ಕತೆ ಬರೀ ಕತೆ. ತನ್ನ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಯಾರೋ ಇದ್ದಾರೆಂದು ನಂಬಿ, ಆ ಯಾರೋ ಒಬ್ಬನನ್ನು ನಡುಮನೆಗೆ ಎಳೆದು ತಂದು ಬಟ್ಟೆ ಬಿಚ್ಚಿಸಿದ್ದಳು.

ಬಚ್ಚಿಟ್ಟ ನೆಗಡಿ ದೂರದ ಮನೆಯಲ್ಲಿ ನೆಂಟರಿಷ್ಟರ ಸಮೇತ ಬಂತು. ಜ್ವರ, ಕೆಮ್ಮು, ಗಂಟಲಲ್ಲಿ ಮುಳ್ಳು. ಡಾಕ್ಟರಮ್ಮ ದಿನಕ್ಕೊಮ್ಮೆ ಬಯಲಿನ ನಡುವೆ ನಿಂತು ಕೂಗಿ ಹೇಳುತ್ತಿದ್ದಳು: ಹಿಂಡಿನಲ್ಲಿ ಇದುವರೆಗೂ ಯಾರೂ ಕೆಮ್ಮಿಲ್ಲ, ಪುಟ್ಟ ಹಾಲು ಕುಡಿಯುತ್ತಿದೆ, ಇನ್ನೂ ನೋಡಬೇಕು. ಅವಳನ್ನು ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಮೇಲಿನವರು ಹೇಳಬೇಕು. ಅವನನ್ನು? ಕಾಡಿಗಂತೂ ಬೇಡ, ಹಿಂದಿನಿಂದ ಕೊಂಬೆ ಮುರಿದದ್ದು ಕೇಳದವನು ಕಾಡಿನಲ್ಲಿ ತಾನೂ ಸಾಯುತ್ತಾನೆ, ಜೊತೆಯವರನ್ನೂ ಸಾಯಿಸುತ್ತಾನೆ. ಈ ಮಾತನ್ನೂ ಡಾಕ್ಟರಮ್ಮ ಕೂಗಿಯೇ ಹೇಳಿದ್ದಳು. ಮೊದಲು ಡ್ರೈವರ್ ತಟ್ಟೆ ತರುತ್ತಿದ್ದ. ಮರದ ಬುಡದ ಮೇಲಿಟ್ಟು, ಹಿಂದೆ ಹುಲಿ ಬಿದ್ದವನಂತೆ ಓಡುತ್ತಿದ್ದ. ಈ ದಿನ ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ತಟ್ಟೆ ಹಿಡಿದು ಬರುತ್ತಿದ್ದದ್ದು ಕಿವಿರಾಯ. ಬಳ್ಳಿ ಕಡಿಯುವ ಕತ್ತಿಯಿಲ್ಲದ ಅವನ ಸೊಂಟ ಯಾರದೋ ಸೊಂಟದಂತಿತ್ತು. ಎದುರಿನಿಂದ ನೋಡುತ್ತಿದ್ದರಿಂದ ಬೆವರಿನ ನಕ್ಷೆಯೂ ಕಾಣಲಿಲ್ಲ.

ತಟ್ಟೆಯಿಟ್ಟು ಅವನು ಆರು ಮಾರು ಹಿಂದೆ ಸರಿದ. ಹೋಗಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತಳು.

"ಕಿವಿ ಬೇಡದ ಕೆಲಸ ಕೊಟ್ಟಿದ್ದಾರೆ," ಎಂದ. ತನ್ನ ಸ್ವರವನ್ನೂ ಸರಿಯಾಗಿ ಕೇಳಿಸಿಕೊಳ್ಳಲಾರದವನ ಜೋರು. "ನಿಮ್ಮ ತಟ್ಟೆ ಹೊರೋದು."

"ತಪ್ಪಾಯ್ತು," ಎಂದಳು ಅವಳು. ಗಂಟಲಿನಿಂದ ಗಾಳಿಯಷ್ಟೇ ಬಂತು.

"ಏನು?"

"ತಪ್ಪಾಯ್ತು!"

"ಕೇಳಿಸಲ್ಲ! ಜೋರಾಗಿ ಹೇಳಿ! ಎಲ್ಲರಿಗೂ ಡಂಗುರ ಸಾರಿದ್ದೀರಲ್ಲ ಕೇಳಿಸಲ್ಲ ಅಂತ, ಈಗ ಕೂಗೋದಕ್ಕೆ ನಾಚಿಕೇನಾ?"

ಬಯಲಿನಾಚೆ ಜೀಪು ತೊಳೆಯುತ್ತಿದ್ದ ಡ್ರೈವರ್ ಕೈ ನಿಲ್ಲಿಸಿದ. ಅಡುಗೆಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ತಪ್ಪಾಯ್ತು ಎನ್ನುವುದು ಕಿವಿಯ ಹತ್ತಿರ ಹೇಳುವ ಮಾತು. ಅದನ್ನು ಬಯಲಿನುದ್ದಕ್ಕೂ ಕೂಗುವುದು ಹೇಗೆ?

"ನಿಮ್ಮ ನೆಗಡಿ ನೀವು ಹೇಳಿಕೊಂಡಿರಿ, ಸರಿ," ಎಂದ ಅವನು. "ನನ್ನನ್ನು ಯಾಕೆ ಎಳೆದಿರಿ ನಡುವೆ? ನನಗೆ ಗೊತ್ತು ಅಂತ ನಿಮಗೆ ಯಾರು ಹೇಳಿದರು? ಒಂದು ಸಲ ಮುಂದೆ ಬಂದು ಮುಖ ನೋಡಿ ಕೇಳಿದಿರಾ? ಎಷ್ಟು ವರ್ಷ ಕಣ್ಣಲ್ಲೇ ಸಂಭಾಳಿಸಿಕೊಂಡು ಬಂದೆ, ಇನ್ನೆರಡು ವರ್ಷ ತಳ್ಳಿದ್ದರೆ..." ಅಲ್ಲಿಗೆ ನಡುವಿನ ಭಾಷೆ ಅವನಿಗೆ ಕೈಕೊಟ್ಟಿತು. ಬೈಗುಳಕ್ಕೆ ಬೇಕಾದ ಖಾರ ಅದರಲ್ಲಿರಲಿಲ್ಲ. ಒಂದು ಗಳಿಗೆ ತಡಕಾಡಿ, ಕೈಬಿಟ್ಟು, ಅವನು ತನ್ನ ಭಾಷೆಗೆ ಹಾರಿದ. ಏನು ಬೈಗುಳವದು! ಒಂದು ಮಾತೂ ಅವಳಿಗೆ ತಿಳಿಯಲಿಲ್ಲ. ಆದರೆ ಅದರ ಏರಿಳಿತ, ಕೈ ಬೀಸುವ ರೀತಿ, ನಡುನಡುವೆ ಆಕಾಶವನ್ನು ಸಾಕ್ಷಿಗೆ ಕರೆಯುವುದು, ಮುಗಿಯಿತೆಂದುಕೊಂಡಾಗ ಹಳೆಯದೊಂದು ನೆನಪಾಗಿ ಮತ್ತೆ ಶುರುವಾಗುವುದು, ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊರಗಿನವರನ್ನು ಯಾರೂ ಹೀಗೆ ಬೈಯುವುದಿಲ್ಲ. ಬೆಳಗಿನ ಸಾಲಿನಲ್ಲಿ ನಿಂತು ಅವಳು ಬಯಸಿದ್ದು ಇದಲ್ಲ. ಆದರೂ ಪೂರ್ತಿ ಅವಳಿಗೇ ಸೇರಿದ, ಇನ್ನೊಬ್ಬರಿಗೆ ಪಾಲಿಲ್ಲದ ಮಾತು.

ಅವನು ಉಸಿರೆಳೆದುಕೊಳ್ಳಲು ನಿಂತಾಗ ಅವಳ ಬಾಯಿಂದ ಬಂದದ್ದು ಕ್ಷಮೆಯಲ್ಲ.

"ನಿನಗೆ ಕೇಳಿಸಲ್ಲ ಅಂತ ನನಗೇನು ಕನಸು ಬಿದ್ದಿತ್ತಾ ಪುಣ್ಯಾತ್ಮ?" ಎಂದು ತನ್ನ ಭಾಷೆಯಲ್ಲಿ ಕಿರುಚಿದಳು. "ವರ್ಷಪೂರ್ತಿ ನಿನ್ನ ಬೆನ್ನು ನೋಡಿಕೊಂಡು ನಡೆದೆ. ಕಾಲು ನೋಯ್ತಿದೆಯಾ ಅಂತ ಕೇಳಿದರೆ ಉತ್ತರ ಇಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ, ನಾನೇನು ತಪ್ಪು ಮಾಡಿದೆ ಅಂತ! ಕಿವಿ ಕೇಳಿಸಲ್ಲ ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು? ನಾನು ನಿನ್ನ ಕಿವಿಯಾಗಿ ಹಿಂದೆ ಬರ್ತಿರಲಿಲ್ವಾ? ಅರ್ಧ ಬ್ರೆಡ್ಡು ಕೊಟ್ಟನಂತೆ, ಅರ್ಧ ಬ್ರೆಡ್ಡು! ಅದನ್ನು ಯಾಕೆ ಕೊಟ್ಟೆ ಹಾಗಾದರೆ?"

ನೀನು ಎನ್ನುತ್ತಿದ್ದೇನೆ ಎಂದು ಅವಳಿಗೆ ಅರ್ಧದಲ್ಲಿ ತಿಳಿಯಿತು. ಅಕ್ಕನನ್ನು ಬಿಟ್ಟು ಯಾರಿಗೂ ಹೀಗೆ ಅಂದವಳಲ್ಲ. ಅವನಿಗೆ ಕೇಳುತ್ತಿರಲಿಲ್ಲ, ಕೇಳಿದರೂ ತಿಳಿಯುತ್ತಿರಲಿಲ್ಲ. ಅವನು ಸೊಂಟದ ಮೇಲೆ ಕೈಯಿಟ್ಟು ಅವಳ ತುಟಿಗಳನ್ನೇ ಗಮನವಿಟ್ಟು ನೋಡುತ್ತ, ಸರದಿ ಬಂದಾಗ ಮತ್ತೆ ತನ್ನ ಭಾಷೆಯಲ್ಲಿ ಶುರುಮಾಡಿದ. ಅವಳು ಅವನ ಮಾತಿನ ಮೇಲೆ ತನ್ನ ಮಾತು ಹೇರಿದಳು. ಅಡುಗೆಯಕ್ಕ ಹೊರಗೆ ಬಂದು, "ಏನ್ರೀ ಇದು, ಊಟ ತಣ್ಣಗಾಗ್ತಿದೆ!" ಎಂದು ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಕೊನೆಗೆ ಕೆಮ್ಮು ಅವಳನ್ನು ಹಿಡಿಯಿತು. ಬಾಗಿಲ ಚೌಕಟ್ಟು ಹಿಡಿದು, ಬಗ್ಗಿ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದಳು. ತಲೆಯೆತ್ತಿದಾಗ ಅವನು ಹೊರಟು ಹೋಗಿರಬೇಕೆಂದುಕೊಂಡಳು. ಅವನು ಅಲ್ಲೇ ನಿಂತಿದ್ದ, ಒಂದು ಹೆಜ್ಜೆ ಮುಂದಿಟ್ಟು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ.

"ಮುಗೀತಾ?" ಎಂದು ನಡುವಿನ ಭಾಷೆಯಲ್ಲಿ ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವನು ಹುಲ್ಲಿನ ಮೇಲೆ, ಅವಳ ಮುಖ ಕಾಣುವ ಹಾಗೆ, ಕೂತುಕೊಂಡ.